ಚಾವಣಿ ಇಳಿದ ಕಡೆ ತಲೆ ತಾಗುತ್ತದೆ: ಅಂದದ ಕಾರು, ಅನುಕೂಲದ ಕಾರು

ಗೆಳೆಯನೊಬ್ಬ ಹೋದ ವರ್ಷ ಇಳಿಜಾರು ಚಾವಣಿಯ ಎಸ್‌ಯುವಿ ಕೊಂಡ. ಚೆಂದದ ಗಾಡಿ, ಸುಳ್ಳು ಹೇಳಬಾರದು. ನಿಲ್ಲಿಸಿ ಹತ್ತು ಹೆಜ್ಜೆ ಹೋದವನು ತಿರುಗಿ ಒಂದು ಸಲ ನೋಡುತ್ತಾನೆ. ಕಾರಿನ ಹುಚ್ಚಿರುವವರ ನಡುವೆ ಇದೇ ದೊಡ್ಡ ಪರೀಕ್ಷೆ: ನಿಲ್ಲಿಸಿ ಹೋಗುವಾಗ ತಿರುಗಿ ನೋಡದಿದ್ದರೆ ನೀನು ಕೊಂಡದ್ದು ತಪ್ಪು ಕಾರು.

ಮೂರನೇ ವಾರ ಇಬ್ಬರೂ ಸೇರಿ ಒಂದು ಬರೆಯುವ ಮೇಜು ತರಲು ಹೋದೆವು. ಹಳೆಯ ಮರದ್ದು, ಕಾಲು ಕಳಚಲು ಬಾರದು. ಹಿಂದಿನ ಸೀಟು ಮಡಚಿ ಮೇಜನ್ನು ಒಳಗೆ ತಳ್ಳಿದೆವು. ಉದ್ದ ಸಾಕಾಯಿತು, ಅಗಲವೂ ಸಾಕಾಯಿತು. ಹಿಂಬಾಗಿಲು ಎಳೆದರೆ ಓರೆಯಾಗಿ ಇಳಿದು ಬಂದ ಗಾಜು ಮೇಜಿನ ಮೂಲೆಯ ಮೇಲೆ ಕೂತಿತು. ನಾಲ್ಕು ಬೆರಳಿನಷ್ಟು ಕಡಿಮೆ. ಹಿಂದೆ ಮುಂದೆ ಮಾಡಿದೆವು, ಅಡ್ಡ ಮಲಗಿಸಿದೆವು, ಅಂಗಡಿಯ ಹುಡುಗ ಹಗ್ಗ ತಂದ. ಕೊನೆಗೆ ಗೆಳೆಯನೇ, 'ಬೇಡ ಮಾರಾಯ, ನಿನ್ನ ಡಬ್ಬ ತರೋಣ' ಅಂದ.

ನನ್ನ ಡಬ್ಬ ಅಂದರೆ ಹದಿಮೂರು ವರ್ಷದ ಎಸ್ಟೇಟ್, ಡಿಕ್ಕಿಯ ಮೇಲೂ ಚಾವಣಿ ಚಾಚಿದ ಉದ್ದ ಬೆನ್ನಿನ ಕಾರು. ಚಾವಣಿ ಮುಂದಿನಿಂದ ಹಿಂದಿನವರೆಗೆ ಅಳತೆಪಟ್ಟಿ ಇಟ್ಟ ಹಾಗೆ ನೇರ. ಮೇಜು ಸಲೀಸಾಗಿ ಒಳಗೆ ಹೋಯಿತು. ಅದನ್ನು ಯಾರೂ ತಿರುಗಿ ನೋಡುವುದಿಲ್ಲ. ನಾನೂ ನೋಡುವುದಿಲ್ಲ.

ಕಾರು ಆರಿಸುವವರಿಗೆ ಎಲ್ಲರೂ ಹೇಳುವ ಮಾತು 'ಅಂದ ನೋಡಬೇಡಿ, ಅನುಕೂಲ ನೋಡಿ' ಎಂದು. ನನಗೆ ಆ ಮಾತು ಒಪ್ಪಿಗೆಯಿಲ್ಲ. ಹತ್ತು ವರ್ಷ ದಿನಾ ನೋಡುವ ವಸ್ತು ಕಣ್ಣಿಗೆ ಹಿತವಾಗಿರಬೇಕು ಅನ್ನುವುದರಲ್ಲಿ ತಪ್ಪೇನು? ಆದರೆ ಕಾರಿನ ಪ್ರತಿ ಅಂದದ ಗೆರೆಯೂ ಎಲ್ಲಿಂದಲೋ ಸಾಲ ತಂದಿರುತ್ತದೆ. ಆ ಸಾಲವನ್ನು ಯಾರು ತೀರಿಸುತ್ತಿದ್ದಾರೆ ಎಂಬುದು ಗೊತ್ತಿರಬೇಕು. ಬಹಳಷ್ಟು ಸಲ ಅದು ಹಿಂದಿನ ಸೀಟಿನವರು. ಕೆಲವು ಸಲ ನಿಮ್ಮ ಬೆನ್ನು.

ಉದ್ದ ಒಂದೇ, ಪಾಲುದಾರರು ಹಲವರು

4.3 ಮೀಟರ್ ಕಾರು ಅಂದರೆ 4.3 ಮೀಟರೇ. ಎಂಜಿನ್ನು, ಮುಂದೆ ಕೂತವರ ಕಾಲು, ಹಿಂದೆ ಕೂತವರ ಮೊಣಕಾಲು, ಡಿಕ್ಕಿ ಎಲ್ಲಕ್ಕೂ ಅದರಲ್ಲೇ ಪಾಲು. ಕಾರುಪ್ರಿಯರು 'ಪ್ರಪೋರ್ಷನ್ ಚೆನ್ನಾಗಿದೆ' ಎಂದು ತಲೆದೂಗುವಾಗ ಬಹುಮಟ್ಟಿಗೆ ನೋಡುತ್ತಿರುವುದು ಮುಂದಿನ ಚಕ್ರಕ್ಕೂ ಮುಂದಿನ ಬಾಗಿಲಿಗೂ ನಡುವಿನ ಅಂತರವನ್ನು. ಎಂಜಿನ್ನನ್ನು ಉದ್ದಕ್ಕೆ ಇಟ್ಟು ಹಿಂದಿನ ಚಕ್ರ ತಿರುಗಿಸುವ ಕಾರುಗಳಲ್ಲಿ ಈ ಅಂತರ ಜಾಸ್ತಿ. ಬಾನೆಟ್ ನೀಳ, ಚಕ್ರ ಮುಂದಕ್ಕೆ, ಕ್ಯಾಬಿನ್ ಹಿಂದಕ್ಕೆ ಸರಿದು ಕೂತ ನೋಟ. ರಾಜಗಾಂಭೀರ್ಯ ಅನ್ನುವುದು ಬರುವುದೇ ಅಲ್ಲಿಂದ. ಆದರೆ ಆ ಜಾಗದಲ್ಲಿ ಯಾರೂ ಕೂರುವುದಿಲ್ಲ, ಅಲ್ಲಿ ಏನನ್ನೂ ಇಡಲಾಗುವುದಿಲ್ಲ.

ಇದಕ್ಕೆ ಪೂರ್ತಿ ಉಲ್ಟಾ ಹೋದವರು ಬ್ರಿಟಿಷ್ ಕಾರು ವಿನ್ಯಾಸಕ ಅಲೆಕ್ ಇಸಿಗೋನಿಸ್. 1959ರ ಮಿನಿಯಲ್ಲಿ ಎಂಜಿನ್ನನ್ನು ಅಡ್ಡ ತಿರುಗಿಸಿ, ಗೇರ್‌ಬಾಕ್ಸನ್ನು ಅದರ ಅಡಿಗೆ ಸೇರಿಸಿ, ಬರೀ 10 ಇಂಚಿನ ಚಕ್ರಗಳನ್ನು ನಾಲ್ಕು ಮೂಲೆಗೆ ದೂಡಿದರು. ಸುಮಾರು ಮೂರು ಮೀಟರ್ ಉದ್ದದ ಕಾರಿನ ನೆಲದಲ್ಲಿ ಹೆಚ್ಚುಕಡಿಮೆ ನೂರಕ್ಕೆ 80 ಭಾಗ ಜನಕ್ಕೂ ಸಾಮಾನಿಗೂ ಸಿಕ್ಕಿತು. ಅಂದಕ್ಕೆಂದು ಗೆರೆ ಎಳೆದವರಲ್ಲ ಅವರು. ಆದರೂ ಜನ ಆ ಕಾರನ್ನು ಮುದ್ದು ಮಾಡಿದರು. ಉಪಯೋಗವೇ ರೂಪವಾದಾಗ ಸಾಲದ ಪ್ರಶ್ನೆಯೇ ಏಳುವುದಿಲ್ಲ. ಅಂಥ ಕಾರುಗಳು ಅಪರೂಪ, ಅಷ್ಟೇ.

ಹ್ಯಾಚ್‌ಬ್ಯಾಕ್: ಹೆಚ್ಚು ಮಾತು ಬೇಡ

ಇಬ್ಬರೋ ಮೂವರೋ ಇರುವ ಮನೆ, ಬಹುಪಾಲು ಊರೊಳಗಿನ ಓಡಾಟ, ನಿಲ್ಲಿಸಲು ಜಾಗ ಕಮ್ಮಿ ಅಂದರೆ ಹ್ಯಾಚ್‌ಬ್ಯಾಕ್ ತೆಗೆದುಕೊಳ್ಳಿ. 1974ರ ಫೋಕ್ಸ್‌ವ್ಯಾಗನ್ ಗಾಲ್ಫ್, 1980ರ ಫಿಯೆಟ್ ಪಾಂಡಾ ಎರಡನ್ನೂ ರೂಪಿಸಿದ್ದು ಜ್ಯೊರ್ಜೆಟ್ಟೊ ಜುಜಾರೊ. ನೇರ ಗೆರೆ, ಮಡಿಕೆ ಇಟ್ಟ ಕಾಗದದಂಥ ಮೈ. ಪಾಂಡಾದ ಗಾಜುಗಳೆಲ್ಲ ಚಪ್ಪಟೆ, ಹಿಂದಿನ ಸೀಟನ್ನು ಜೋಲಿಯ ಹಾಗೂ ಮಾಡಬಹುದು, ಹಾಸಿಗೆಯ ಹಾಗೂ ಮಾಡಬಹುದು. ವಿನ್ಯಾಸ ಅಂದರೆ ಇದು ಎಂದು ಕಾರುಪ್ರಿಯರು ಈಗಲೂ ಬೆರಳು ತೋರಿಸುತ್ತಾರೆ.

ನನ್ನ ಮೆಚ್ಚುಗೆಯ ಉದಾಹರಣೆ ಬೇರೆ. 2001ರ ಹೋಂಡಾ ಜಾಝ್‌ನಲ್ಲಿ ಪೆಟ್ರೋಲ್ ಟ್ಯಾಂಕನ್ನು ಹಿಂದಿನ ಸೀಟಿನ ಅಡಿಯಿಂದ ತೆಗೆದು ಮುಂದಿನ ಸೀಟುಗಳ ಅಡಿಗೆ ಹಾಕಿದರು. ಅದರಿಂದ ಹಿಂದಿನ ಸೀಟಿನ ಕೂರುವ ಭಾಗವನ್ನು ಸಿನಿಮಾ ಥಿಯೇಟರಿನ ಕುರ್ಚಿಯ ಹಾಗೆ ಮೇಲಕ್ಕೆ ಎತ್ತಿ ನಿಲ್ಲಿಸಬಹುದು. ಎತ್ತರದ ಹೂಕುಂಡ ನಿಂತೇ ಪ್ರಯಾಣ ಮಾಡುತ್ತದೆ. ಹೊರಗಿನಿಂದ ನೋಡಿದರೆ ಇದ್ಯಾವುದೂ ಗೊತ್ತಾಗುವುದಿಲ್ಲ; ಕಾರು ಸೌಮ್ಯವಾಗಿ, ಕೊಂಚ ಮಂಕಾಗಿಯೇ ಕಾಣುತ್ತದೆ. ಕಾರುಪ್ರಿಯರಲ್ಲಿ ಹಲವರು ಅದನ್ನು 'ವಯಸ್ಸಾದವರ ಕಾರು' ಎಂದು ಮೂಗು ಮುರಿದರು. ವಯಸ್ಸಾದವರು ಬುದ್ಧಿವಂತರಿರಬೇಕು.

ಸೆಡಾನ್: ಹೊಟ್ಟೆ ದೊಡ್ಡದು, ಬಾಯಿ ಸಣ್ಣದು

ಸೆಡಾನ್ ಕೊಳ್ಳುವವರು ಡಿಕ್ಕಿಯ ಲೀಟರ್ ಲೆಕ್ಕ ನೋಡಿ ಮೋಸ ಹೋಗುತ್ತಾರೆ. ಯುರೋಪಿನ ಕಂಪನಿಗಳು ಬಳಸುವ, ಜರ್ಮನಿಯ ಕಾರು ತಯಾರಕರ ಸಂಘವಾದ ವಿಡಿಎಯ ಲೆಕ್ಕದಲ್ಲಿ 200 ಮಿ.ಮೀ. ಉದ್ದ, 100 ಅಗಲ, 50 ದಪ್ಪದ, ಅಂದರೆ ಒಂದೊಂದು ಲೀಟರಿನ ತುಂಡುಗಳನ್ನು ಡಿಕ್ಕಿಯೊಳಗೆ ಜೋಡಿಸುತ್ತಾರೆ. ಎಷ್ಟು ತುಂಡು ಹಿಡಿಯಿತೋ ಅಷ್ಟು ಲೀಟರ್. ಇಟ್ಟಿಗೆಗಿಂತ ಚಿಕ್ಕ ತುಂಡು ಮೂಲೆಮುಡುಕಿಗೆಲ್ಲ ನುಗ್ಗುತ್ತದೆ. ನಿಮ್ಮ ಸೂಟ್‌ಕೇಸ್ ನುಗ್ಗುವುದಿಲ್ಲ. ಹಿಂದಿನ ಗಾಜು ಇಳಿಯುತ್ತ ಇಳಿಯುತ್ತ ಡಿಕ್ಕಿಯ ಮುಚ್ಚಳವನ್ನು ಅಂಗೈಯಷ್ಟು ಮಾಡಿಟ್ಟಿರುವ ಈಗಿನ ಸೆಡಾನ್‌ಗಳಲ್ಲಿ 480 ಲೀಟರ್ ಜಾಗವಿದ್ದೂ ಮಗುವಿನ ತಳ್ಳುಗಾಡಿಯನ್ನು ಬಾಯೊಳಗೆ ತೂರಿಸಲು ಹೆಣಗಬೇಕು.

ಸೆಡಾನ್ ರೂಪವೇ ಬೇಕು ಅನ್ನುವವರಿಗೆ ಒಂದು ಕಳ್ಳದಾರಿಯಿದೆ: ಲಿಫ್ಟ್‌ಬ್ಯಾಕ್. ನೋಡಲು ಸೆಡಾನ್, ತೆರೆದರೆ ಗಾಜಿನ ಸಮೇತ ಬಾಗಿಲು ಎದ್ದು ನಿಲ್ಲುತ್ತದೆ. ಸ್ಕೋಡಾ ಆಕ್ಟೇವಿಯಾ ಈ ಜಾತಿಯದು. 2008ರ ಸ್ಕೋಡಾ ಸೂಪರ್ಬ್ ಅಂತೂ ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ ಬರೀ ಮುಚ್ಚಳವನ್ನೂ ತೆರೆಯಬಹುದು, ಇಡೀ ಬಾಗಿಲನ್ನೂ ತೆರೆಯಬಹುದು ಅನ್ನುವ ಏರ್ಪಾಡು ಮಾಡಿತ್ತು. ಚಳಿಯಲ್ಲಿ ಹಿಂದೆ ಕೂತವರ ಕುತ್ತಿಗೆಗೆ ಗಾಳಿ ಬಡಿಯದಿರಲಿ ಎಂದರೆ ಮುಚ್ಚಳ, ಸೈಕಲ್ ಹಾಕಬೇಕು ಎಂದರೆ ಬಾಗಿಲು. ಸೆಡಾನಿನ ಪರವಾಗಿ ನ್ಯಾಯವಾಗಿ ಹೇಳಬೇಕಾದ್ದೂ ಒಂದಿದೆ. ಡಿಕ್ಕಿ ಬೇರೆ ಕೋಣೆಯಾಗಿರುವುದರಿಂದ ಹಿಂದಿನ ಚಕ್ರದ ಸದ್ದು ಒಳಗೆ ಕಡಿಮೆ, ಒದ್ದೆ ಬೂಟಿನ ವಾಸನೆಯೂ ಕಡಿಮೆ.

ಎಸ್ಟೇಟೋ ಎಸ್‌ಯುವಿಯೋ

ಜಗಳ ನಿಜವಾಗಿ ಶುರುವಾಗುವುದು ಇಲ್ಲಿ. ಕಾರಿನ ಹುಚ್ಚಿರುವ ಹತ್ತು ಜನರನ್ನು ಕೂರಿಸಿ ಕೇಳಿ, ಎಂಟು ಜನ ಎಸ್ಟೇಟ್ ಅನ್ನುತ್ತಾರೆ. 1994ರಲ್ಲಿ ವೋಲ್ವೋ ತನ್ನ 850 ಎಸ್ಟೇಟನ್ನು ಬ್ರಿಟಿಷ್ ಟೂರಿಂಗ್ ಕಾರ್ ರೇಸಿಗೆ ಇಳಿಸಿದ ಕತೆಯನ್ನು ಕಣ್ಣರಳಿಸಿ ಹೇಳುತ್ತಾರೆ. ಅದೇ ವರ್ಷದ, ಪೋರ್ಶೆಯ ಕೈ ಸೇರಿ ತಯಾರಾದ 315 ಅಶ್ವಶಕ್ತಿಯ ಆಡಿ ಆರ್‌ಎಸ್2 ಹೆಸರು ಹೇಳುತ್ತಾರೆ. ಮ್ಯಾನುವಲ್ ಗೇರಿನ ಕಂದು ಬಣ್ಣದ ಡೀಸೆಲ್ ಎಸ್ಟೇಟೇ ಪರಮಪದ ಎಂಬುದು ಅವರೊಳಗಿನ ಹಳೆಯ ತಮಾಷೆ. ಆಮೇಲೆ ಮನೆಗೆ ಹೋಗುವಾಗ ಆ ಎಂಟರಲ್ಲಿ ಐದು ಜನ ಎಸ್‌ಯುವಿ ಹತ್ತಿ ಹೋಗುತ್ತಾರೆ. ಹೊಗಳುವವರೆಲ್ಲ ಕೊಳ್ಳುವವರಲ್ಲ.

ನಾನು ಎಸ್ಟೇಟ್ ಪಕ್ಷದವನು, ಮೊದಲೇ ಹೇಳಿಬಿಡುತ್ತೇನೆ. ಕಾರಣ ಸರಳ. ಡಿಕ್ಕಿಯ ನೆಲ ತಗ್ಗಿನಲ್ಲಿರುತ್ತದೆ, ಭಾರದ ಪೆಟ್ಟಿಗೆಯನ್ನು ಮೊಣಕಾಲಿನ ಮಟ್ಟಕ್ಕಿಂತ ಕೊಂಚ ಮೇಲೆತ್ತಿದರೆ ಸಾಕು, ಆಮೇಲೆ ಜಾರಿಸುವುದು. ಎಸ್‌ಯುವಿಯಲ್ಲಿ ಅದೇ ಪೆಟ್ಟಿಗೆ ಸೊಂಟದವರೆಗೆ ಏರಬೇಕು. ವಯಸ್ಸಾದ ನಾಯಿ ಎಸ್ಟೇಟಿಗೆ ತಾನೇ ಹಾರುತ್ತದೆ, ಎಸ್‌ಯುವಿಯ ಮುಂದೆ ನಿಂತು ನಿಮ್ಮ ಮುಖ ನೋಡುತ್ತದೆ. ಚಾವಣಿಯ ಮೇಲೆ ಸಾಮಾನು ಕಟ್ಟಬೇಕೆಂದರೆ ಸ್ಟೂಲ್ ಬೇಡ. ತೂಕ ಕೆಳಗಿರುವುದರಿಂದ ತಿರುವಿನಲ್ಲಿ ಓಲಾಡುವುದು ಕಡಿಮೆ. ಗಾಳಿಗೆ ಒಡ್ಡುವ ಎದೆ ಸಣ್ಣದಾದ್ದರಿಂದ ಹೆದ್ದಾರಿಯಲ್ಲಿ ಇಂಧನವೂ ಕಡಿಮೆ. ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುವುದರಿಂದ 60ರಲ್ಲಿ ಗೊತ್ತಾಗದ ವ್ಯತ್ಯಾಸ 120ರಲ್ಲಿ ನಾಲ್ಕುಪಟ್ಟಾಗಿ ಕಾಣಿಸಿಕೊಳ್ಳುತ್ತದೆ.

ಇಷ್ಟೆಲ್ಲ ವಾದ ನನ್ನ ಅಮ್ಮನ ಮುಂದೆ ನಡೆಯುವುದಿಲ್ಲ. ಅವರಿಗೆ ಮಂಡಿನೋವು. ನನ್ನ ಕಾರಿನ ಬಾಗಿಲು ತೆರೆದು, ಒಂದು ಕೈ ಬಾಗಿಲ ಮೇಲೆ, ಇನ್ನೊಂದು ನನ್ನ ಭುಜದ ಮೇಲೆ ಇಟ್ಟು, ಉಸಿರು ಹಿಡಿದು ಕೂರುತ್ತಾರೆ. 'ಇದು ಕಾರಿಗೆ ಹತ್ತೋದಲ್ಲಪ್ಪ, ಬಾವಿಗೆ ಇಳಿಯೋದು' ಅನ್ನುತ್ತಾರೆ. ಗೆಳೆಯನ ಎಸ್‌ಯುವಿಯ ಮುಂದಿನ ಸೀಟು ಸರಿಯಾಗಿ ಅವರ ಸೊಂಟದ ಎತ್ತರಕ್ಕಿದೆ. ಪಕ್ಕಕ್ಕೆ ತಿರುಗಿ ಕೂತರು, ಕಾಲು ಒಳಗೆಳೆದುಕೊಂಡರು, ಮುಗಿಯಿತು. ಎಸ್‌ಯುವಿಯನ್ನು ಬರೀ ಜಂಭದ ಗಾಡಿ ಎಂದು ಗೇಲಿ ಮಾಡುವ ಕಾರುಪ್ರಿಯರಿಗೆ ಸಾಮಾನ್ಯವಾಗಿ ಮಂಡಿ ನೋಯುತ್ತಿರುವುದಿಲ್ಲ.

ಎತ್ತರದ ಸೀಟಿಗೆ ಇನ್ನೊಂದು ಗುಣವೂ ಇದೆ. ನೆಟ್ಟಗೆ ಕೂತರೆ ಕಾಲು ಕೆಳಕ್ಕೆ ಇಳಿಯುತ್ತದೆ, ಮುಂದಕ್ಕೆ ಚಾಚುವುದಿಲ್ಲ. ಹಾಗಾಗಿ ಅದೇ ಉದ್ದದಲ್ಲಿ ಮೊಣಕಾಲಿಗೆ ಜಾಗ ಹೆಚ್ಚು. ರಸ್ತೆ ಕೆಟ್ಟಿದ್ದರೆ ನೆಲದಿಂದ ಇರುವ ಎತ್ತರವೂ ಲೆಕ್ಕಕ್ಕೆ ಬರುತ್ತದೆ. ಹೀಗಾಗಿ ನನ್ನ ತೀರ್ಪು ಇಷ್ಟು: ಸಾಮಾನು ಹೊರುವವರಿಗೆ ಎಸ್ಟೇಟ್, ಮಂಡಿ ನೋವಿನವರನ್ನು ಕರೆದುಕೊಂಡು ಹೋಗುವವರಿಗೆ ಎಸ್‌ಯುವಿ. ಎರಡೂ ಇರುವ ಮನೆಯಲ್ಲಿ ಮಂಡಿಯ ಮಾತೇ ನಡೆಯಲಿ. ಪೆಟ್ಟಿಗೆ ಎತ್ತಲು ಇನ್ನೊಬ್ಬರನ್ನು ಕರೆಯಬಹುದು.

ಇಳಿಜಾರು ಚಾವಣಿ ಎಷ್ಟು ನುಂಗುತ್ತದೆ

ಮತ್ತೆ ಗೆಳೆಯನ ಕಾರಿನ ಜಾತಿಗೆ ಬರುತ್ತೇನೆ. ಎಸ್‌ಯುವಿಯ ಎತ್ತರ, ಕೂಪೆಯ, ಅಂದರೆ ಎರಡು ಬಾಗಿಲಿನ ತಗ್ಗು ಕಾರಿನ, ಇಳಿಜಾರು ಬೆನ್ನು. ಈ ರೂಪ ಫ್ಯಾಷನ್ ಆದದ್ದು 2008ರ ಬಿಎಂಡಬ್ಲ್ಯು ಎಕ್ಸ್6 ಬಂದ ಮೇಲೆ. ಆಗ ನಕ್ಕವರೇ ಹೆಚ್ಚು. ಈಗ ಈ ಜಾತಿ ಎಲ್ಲ ದರದಲ್ಲೂ ಸಿಗುತ್ತದೆ.

ಸಾಲದ ಲೆಕ್ಕ ಇಲ್ಲಿ ಅಂಕಿಗಳಲ್ಲೇ ಸಿಗುತ್ತದೆ. 2018ರಲ್ಲಿ ಬಂದ ಎಕ್ಸ್5ನ ಡಿಕ್ಕಿ 650 ಲೀಟರ್, ಅದೇ ಅಡಿಪಾಯದ ಮೇಲೆ ಮರುವರ್ಷ ಬಂದ ಎಕ್ಸ್6ನದು 580. ಬರೀ 70 ಲೀಟರ್ ವ್ಯತ್ಯಾಸ ಅನ್ನಿಸುತ್ತದೆ. ಹಿಂದಿನ ಸೀಟು ಮಡಚಿ ಚಾವಣಿಯವರೆಗೆ ಅಳೆದರೆ ಒಂದರದ್ದು 1,870, ಇನ್ನೊಂದರದ್ದು 1,530. ವ್ಯತ್ಯಾಸ 340ಕ್ಕೆ ಹಾರಿತು. ಯಾಕೆಂದರೆ ಡಿಕ್ಕಿಯ ಸಾಮಾನು ಮುಚ್ಚುವ ಪರದೆಯ ಕೆಳಗೆ ಎರಡೂ ಹೆಚ್ಚುಕಡಿಮೆ ಒಂದೇ ಕಾರು; ಕತ್ತರಿ ಆಡಿರುವುದು ಮೇಲೆ. ಸೂಟ್‌ಕೇಸ್ ಇಟ್ಟು ಓಡಾಡುವವರಿಗೆ ಈ ರೂಪದಿಂದ ತೊಂದರೆ ಇಲ್ಲವೇ ಇಲ್ಲ. ಮೇಜು ತರುವವರಿಗೆ ಇದೆ. ನಿಮ್ಮ ಸಾಮಾನು ಅಗಲದ್ದೋ ಎತ್ತರದ್ದೋ ಎಂದು ಮನೆಯಲ್ಲೇ ಕೂತು ಯೋಚಿಸಿದರೆ ಅರ್ಧ ತೀರ್ಮಾನ ಆದ ಹಾಗೆ.

ಮಿಕ್ಕರ್ಧ ಹಿಂದಿನ ಬಾಗಿಲಿನಲ್ಲಿದೆ. ಚಾವಣಿ ಇಳಿಯತೊಡಗಿದರೆ ಬಾಗಿಲಿನ ಮೇಲಂಚೂ ಅದರ ಜೊತೆ ಇಳಿಯಬೇಕು. ಒಳಗೆ ಕೂತ ಮೇಲೆ ತಲೆಗೆ ಜಾಗ ಸಾಕಾಗುವ ಹಾಗೆ ಚಾವಣಿಯ ಒಳಬದಿಯನ್ನು ಕೊರೆದಿರುತ್ತಾರೆ, ಸೀಟನ್ನು ತಗ್ಗಿಸಿರುತ್ತಾರೆ. ಆದರೆ ಕೂರುವುದಕ್ಕೆ ಹೋಗುವ ದಾರಿಯನ್ನು ಏನೂ ಮಾಡಲಾಗುವುದಿಲ್ಲ. ಮುಂದಿನ ಸೀಟಿಗೆ ಅಷ್ಟು ಸಲೀಸಾಗಿ ಹತ್ತಿದ ಅಮ್ಮ, ಅದೇ ಕಾರಿನ ಹಿಂದಿನ ಸೀಟಿಗೆ ಹತ್ತುವಾಗ ಟಣ್ಣನೆ ತಲೆ ಹೊಡೆಸಿಕೊಂಡರು. ಇಳಿಯುವಾಗ ಇನ್ನೊಮ್ಮೆ. ಮಗುವನ್ನು ಸೀಟಿನಲ್ಲಿ ಕೂರಿಸಿ ಬೆಲ್ಟ್ ಹಾಕುವ ಅಪ್ಪ ಅಮ್ಮಂದಿರು ದಿನಕ್ಕೆ ನಾಲ್ಕು ಸಲ ಹಾಗೆ ಬಾಗಬೇಕು. ಷೋರೂಮಿನಲ್ಲಿ ಯಾರೂ ಹಿಂದಿನ ಸೀಟಿಗೆ ಹತ್ತಿ ಇಳಿದು ನೋಡುವುದಿಲ್ಲ. ಹತ್ತುತ್ತಾರೆ, 'ಆಹಾ, ಜಾಗ ಇದೆ' ಅನ್ನುತ್ತಾರೆ. ಇಳಿಯುವಾಗ ಮಾತಿನ ಭರದಲ್ಲಿ ಗಮನಿಸುವುದಿಲ್ಲ.

ಕುರೂಪಿಗಳ ಗುಂಪು

ಅನುಕೂಲಕ್ಕೇ ಪೂರ್ತಿ ಶರಣಾದರೆ ಏನಾಗುತ್ತದೆ ಎನ್ನುವುದಕ್ಕೆ ಎರಡು ಹೆಸರು ಸಾಕು. 1998ರ ಫಿಯೆಟ್ ಮಲ್ಟಿಪ್ಲಾ: ನಾಲ್ಕು ಮೀಟರಿಗೂ ಕೂದಲೆಳೆಯಷ್ಟು ಕಡಿಮೆ ಉದ್ದ, ಮುಂದೆ ಮೂವರು, ಹಿಂದೆ ಮೂವರು, ಅಷ್ಟಾದ ಮೇಲೂ ಸರಿಯಾದ ಡಿಕ್ಕಿ. ಮುಂದಿನ ಗಾಜಿನ ಬುಡದಲ್ಲಿ ಹೊಟ್ಟೆಯ ಮಡಿಕೆಯಂಥ ಉಬ್ಬು, ಅದರಲ್ಲಿ ಎರಡು ಪುಟ್ಟ ದೀಪ. ನ್ಯೂಯಾರ್ಕಿನ ಮಾಡರ್ನ್ ಆರ್ಟ್ ಮ್ಯೂಸಿಯಂ 1999ರಲ್ಲಿ ಅದನ್ನು ಪ್ರದರ್ಶನಕ್ಕಿಟ್ಟಿತು. ಜನ ಕುರೂಪಿ ಕಾರುಗಳ ಪಟ್ಟಿಯಲ್ಲಿಟ್ಟರು. 2004ರಲ್ಲಿ ಕಂಪನಿ ಆ ಉಬ್ಬನ್ನು ತೆಗೆದು ಎಲ್ಲರಂತೆ ಮಾಡಿತು. ಆಮೇಲೆ ಬೈಯುವವರೂ ಇಲ್ಲ, ನೆನೆಯುವವರೂ ಇಲ್ಲ.

ಎರಡನೆಯದು ಪಾಂಟಿಯಾಕ್ ಆಜ್ಟೆಕ್, 2001ರಿಂದ 2005ರವರೆಗಿನ ಮಾಡೆಲ್. ಮುಂದಿನ ಸೀಟುಗಳ ನಡುವಿನ ಪೆಟ್ಟಿಗೆಯನ್ನು ಕಳಚಿದರೆ ಅದೇ ತಂಪುಪೆಟ್ಟಿಗೆ, ಹಿಂಬಾಗಿಲಿಗೆ ಸಿಕ್ಕಿಸುವ ಟೆಂಟ್ ಬೇಕಾದರೆ ಸಿಗುತ್ತಿತ್ತು. ಈಗ ಕಾರಿನ ಹಿಂದೆ ಟೆಂಟ್ ಕಟ್ಟಿ ಮಲಗುವುದು ದೊಡ್ಡ ಷೋಕಿ. ಆಗ ಆ ಮುಖ ನೋಡಿ ಜನ ಟೆಂಟಿನವರೆಗೆ ಬರಲೇ ಇಲ್ಲ. ಮಲ್ಟಿಪ್ಲಾದ ಕುರೂಪಕ್ಕೆ ಒಳಗಿನಿಂದ ಒಂದು ಕಾರಣವಿತ್ತು, ಅದಕ್ಕೇ ಕಾರುಪ್ರಿಯರು ಅದನ್ನು ಕ್ರಮೇಣ ಪ್ರೀತಿಸತೊಡಗಿದರು. ಆಜ್ಟೆಕ್‌ನ ಮೈಮೇಲಿನ ಪ್ಲಾಸ್ಟಿಕ್ಕಿಗೆ, ಎರಡು ಅಂತಸ್ತಿನ ಮೂಗಿಗೆ ಅಂಥ ಕಾರಣ ಕಾಣುವುದಿಲ್ಲ.

ಕಾರಣವಿಲ್ಲದ ಅಲಂಕಾರ ಈಗಲೂ ಕಾರುಪ್ರಿಯರಿಗೆ ಮೈಯುರಿ. ಒಳಗೆ ತೂತೇ ಇಲ್ಲದ ಗಾಳಿಗಂಡಿ, ಹೊಗೆಯೇ ಬಾರದ ಹೊಳೆಯುವ ಹೊಗೆಕೊಳವೆಯ ಬಾಯಿ. ನನ್ನ ಮಟ್ಟಿಗೆ ಅವು ನಿರುಪದ್ರವಿ. ತೊಳೆಯುವಾಗ ಬೆರಳಿಗೆ ಸಿಗುವ ಮೂಲೆಗಳು ಹೆಚ್ಚು, ಅಷ್ಟೇ.

ವಿದ್ಯುತ್ ಕಾರಿನಲ್ಲಿ ಲೆಕ್ಕ ಬೇರೆ

ಬ್ಯಾಟರಿ ನೆಲದಡಿ ಹಾಸಿರುವುದರಿಂದ ನೆಲವೇ ಮೇಲಕ್ಕೆ ಬರುತ್ತದೆ. ಚಾವಣಿಯನ್ನೂ ಎತ್ತರಿಸದಿದ್ದರೆ ಹಿಂದೆ ಕೂತವರ ಮಂಡಿ ಗಲ್ಲದ ಹತ್ತಿರ. ಮುಂದೆ ಎಂಜಿನ್ನಿನ ಗಾತ್ರ ಇಲ್ಲದ್ದರಿಂದ ಚಕ್ರಗಳನ್ನು ದೂರ ದೂರ ಇಡಬಹುದು: ಹ್ಯುಂಡೈ ಅಯಾನಿಕ್ 5ರಲ್ಲಿ ಮುಂದಿನ ಹಿಂದಿನ ಚಕ್ರಗಳ ನಡುವೆ ಪೂರ್ತಿ 3 ಮೀಟರ್. ಅದೇ ಯಂತ್ರಗಳ ಮೇಲೆ ಕಟ್ಟಿದ ಅಯಾನಿಕ್ 6 ಗಾಳಿಯಲ್ಲಿ ಜಾರುವ ಕಲ್ಲಿನ ಹಾಗಿದೆ. 5ರ ಡ್ರ್ಯಾಗ್ ಗುಣಾಂಕ (ಗಾಳಿಯ ತಡೆಯ ಅಳತೆ, ಕಡಿಮೆಯಿದ್ದಷ್ಟೂ ಒಳ್ಳೆಯದು) 0.288, 6ರದ್ದು 0.21. ಒಳಗಿನ ಸರಕು ಒಂದೇ, ಹೊರಗಿನ ಗೆರೆ ಮಾತ್ರ ಬೇರೆ. ಅಂದವನ್ನೂ ಅನುಕೂಲವನ್ನೂ ಪಕ್ಕಪಕ್ಕ ಇಟ್ಟು ನೋಡಲು ಇದಕ್ಕಿಂತ ಒಳ್ಳೆಯ ಜೋಡಿ ಸಿಗದು. 6ರ ಗೆರೆ ಇಲ್ಲಿ ದುಡಿಯುತ್ತದೆ, ಹೆದ್ದಾರಿಯಲ್ಲಿ ಅದೇ ಚಾರ್ಜಿನಲ್ಲಿ ಹೆಚ್ಚು ದೂರ ಹೋಗಬಹುದು. ಆದರೆ ಡಿಕ್ಕಿಗೆ ಸೆಡಾನಿನ ಸಣ್ಣ ಬಾಯಿ, ಹಿಂದೆ ತಲೆಗೆ ಜಾಗ ಕಡಿಮೆ. ದೂರದೂರಿಗೆ ಒಬ್ಬರೋ ಇಬ್ಬರೋ ಓಡಾಡುವವರಿಗೆ ನಾನು 6 ಅನ್ನುತ್ತೇನೆ, ಮಕ್ಕಳಿರುವವರಿಗೆ 5.

5ರಲ್ಲೂ ಅಂದದ ಒಂದು ಹಟ ಇತ್ತು. 2021ರಲ್ಲಿ ಬಂದಾಗ ಹಿಂದಿನ ಗಾಜಿಗೆ ವೈಪರ್ ಇರಲಿಲ್ಲ. ನೆಟ್ಟಗಿನ ಹಿಂಭಾಗದ ಕಾರುಗಳ ಬೆನ್ನಲ್ಲಿ ಗಾಳಿ ಸುಳಿ ಸುತ್ತಿ ಚಕ್ರದ ಕೊಳಕನ್ನು ಗಾಜಿನ ಮೇಲೇ ಎರಚುತ್ತದೆ. ಕೊಂಡವರು ಗೊಣಗುತ್ತಲೇ ಇದ್ದರು. 2024ರ ಪರಿಷ್ಕರಣೆಯಲ್ಲಿ ವೈಪರ್ ಬಂತು.

ಸಣ್ಣವು, ಆದರೆ ದಿನಾ ಚುಚ್ಚುವವು

ರೂಪ ಯಾವುದೇ ಆರಿಸಿ, ಕೆಲವು ವಿವರಗಳು ಎಲ್ಲ ಜಾತಿಯಲ್ಲೂ ಕಾಡುತ್ತವೆ. ಮೊದಲನೆಯದು ಚಕ್ರ. ದೊಡ್ಡ ಅಲಾಯ್ ಚಕ್ರ ಹಾಕಿದ ಕಾರು ನಿಂತಲ್ಲೇ ಓಡುವ ಹಾಗೆ ಕಾಣುತ್ತದೆ ನಿಜ. ಟೈರಿನ ಮೇಲೆ ಬರೆದದ್ದನ್ನು ಓದಿ: 205/55 ಆರ್16 ಅಂದರೆ ಅಗಲ 205 ಮಿ.ಮೀ., ಪಕ್ಕದ ರಬ್ಬರಿನ ಎತ್ತರ ಅದರ ಶೇಕಡಾ 55, ಅಂದರೆ ಸುಮಾರು 113 ಮಿ.ಮೀ. ಅದೇ ಕಾರಿನ ದುಬಾರಿ ಮಾಡೆಲಿನಲ್ಲಿ 225/40 ಆರ್18 ಇದ್ದರೆ ಪಕ್ಕದ ರಬ್ಬರು ಬರೀ 90. ಇಡೀ ಚಕ್ರದ ಎತ್ತರ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಹೋದ 23 ಮಿ.ಮೀ. ರಬ್ಬರು ಗುಂಡಿಯ ಪೆಟ್ಟನ್ನು ತಿನ್ನಬೇಕಾಗಿದ್ದ ರಬ್ಬರು. ಈಗ ಆ ಪೆಟ್ಟು ರಿಮ್ಮಿಗೆ, ಆಮೇಲೆ ನಿಮಗೆ. ತೀರಾ ಚಿಕ್ಕದು ಹಾಕಿದರೆ ಕಾರು ಕಾಲುಂಗುರ ಹಾಕಿಕೊಂಡ ಆನೆಯ ಹಾಗೆ ಕಾಣುತ್ತದೆ ಎಂಬುದೂ ಒಪ್ಪಬೇಕಾದ ಮಾತೇ. ಪಟ್ಟಿಯಲ್ಲಿರುವ ಅತಿ ದೊಡ್ಡ ಚಕ್ರ ಬಿಟ್ಟು ಅದರ ಕೆಳಗಿನದನ್ನು ಆರಿಸಿ.

ಎರಡನೆಯದು ಕಿಟಕಿ. ಬಾಗಿಲಿನ ಲೋಹ ಎತ್ತರವಾಗಿ, ಗಾಜು ತೆಳ್ಳಗೆ ಪಟ್ಟಿಯಂತಿದ್ದರೆ ಕಾರು ಗಟ್ಟಿಮುಟ್ಟಾಗಿ ಕಾಣುತ್ತದೆ. 2011ರ ರೇಂಜ್ ರೋವರ್ ಇವೋಕ್ ಆ ರೂಪಕ್ಕೇ ಹೆಸರಾಯಿತು, ಅದರ ಹಿಂದಿನ ಗಾಜು ಅಂಚೆಪೆಟ್ಟಿಗೆಯ ಬಾಯಿಯಷ್ಟೇ ಎಂಬ ದೂರಿಗೂ ಹೆಸರಾಯಿತು. 2023ರಲ್ಲಿ ತೋರಿಸಿದ ಪೋಲ್‌ಸ್ಟಾರ್ 4ರಲ್ಲಿ ಹಿಂದಿನ ಗಾಜೇ ಇಲ್ಲ, ಕನ್ನಡಿಯ ಜಾಗದಲ್ಲಿ ಕ್ಯಾಮೆರಾ ಚಿತ್ರ ತೋರಿಸುವ ಪರದೆ. ಅಂಥ ಪರದೆಯ ಬಗ್ಗೆ ಒಂದು ಮಾತು. ಕನ್ನಡಿಯಲ್ಲಿ ಕಾಣುವ ಹಿಂದಿನ ಲಾರಿ ಕಣ್ಣಿಗೆ ದೂರದ ವಸ್ತು. ಪರದೆಯಲ್ಲಿ ಕಾಣುವ ಲಾರಿ ಒಂದು ಮೊಳದ ದೂರದ ಚಿತ್ರ. ಓದಲು ಕನ್ನಡಕ ಬೇಕಾಗುವ ವಯಸ್ಸಿನವರಿಗೆ ಅದು ಮಸುಕಾಗಿ ಕಾಣಬಹುದು. ಕೊಳ್ಳುವ ಮೊದಲು ರಸ್ತೆಯಲ್ಲಿ ಓಡಿಸಿ ನೋಡಿ.

ಒತ್ತುವ ಗುಂಡಿಗಳ ವಿಷಯದಲ್ಲಿ ಮಾತ್ರ ಕಾರುಪ್ರಿಯರೂ ಸಾಮಾನ್ಯ ಜನರೂ ಒಂದೇ ಪಕ್ಷ. 2019ರ ಎಂಟನೇ ಗಾಲ್ಫ್‌ನಲ್ಲಿ ಎಸಿಯ ತಾಪ ಬದಲಿಸುವ ಪಟ್ಟಿ ಪರದೆಯ ಕೆಳಗಿತ್ತು; ಒತ್ತುವುದಲ್ಲ, ಸವರುವುದು. ಅದಕ್ಕೆ ದೀಪವೇ ಇರಲಿಲ್ಲ. ರಾತ್ರಿ ಎಲ್ಲಿದೆ ಎಂದು ತಡಕಾಡಬೇಕು. 2024ರಲ್ಲಿ ದೀಪ ಕೊಟ್ಟರು. ಅದೇ 2019ರಲ್ಲಿ ಬಂದ ಮಜ್ದಾ 3 ಪರದೆಯನ್ನು ಮುಟ್ಟುವ ವ್ಯವಹಾರವೇ ಬೇಡ ಎಂದು ಸೀಟುಗಳ ನಡುವೆ ತಿರುಗಿಸುವ ಗುಬುಟು ಇಟ್ಟಿತ್ತು. ಯುರೋಪಿನ ಸುರಕ್ಷತಾ ಪರೀಕ್ಷೆ ಯುರೋ ಎನ್‌ಕ್ಯಾಪ್ 2026ರಿಂದ ಪೂರ್ತಿ ಅಂಕ ಬೇಕಾದರೆ ಇಂಡಿಕೇಟರ್, ಹಜಾರ್ಡ್ ದೀಪ, ಹಾರ್ನ್, ವೈಪರ್, ತುರ್ತು ಕರೆ ಇವಕ್ಕೆ ಕೈಗೆ ಸಿಗುವ ಗುಂಡಿಯೋ ಹಿಡಿಕೆಯೋ ಇರಬೇಕು ಅನ್ನುತ್ತಿದೆ. ನನ್ನ ಪರೀಕ್ಷೆ ಇನ್ನೂ ಸರಳ: ಕಣ್ಣು ಮುಚ್ಚಿ ಎಸಿ ಜಾಸ್ತಿ ಮಾಡಿ ನೋಡುವುದು. ಆಗದಿದ್ದರೆ ಓಡಿಸುವಾಗಲೂ ಆಗುವುದಿಲ್ಲ.

ಕರಿ ಹೊಳಪಿನ ಪ್ಲಾಸ್ಟಿಕ್ ಷೋರೂಮಿನ ದೀಪದಡಿ ಮಿನುಗುತ್ತದೆ, ಆರು ತಿಂಗಳಲ್ಲಿ ಗೀರು. ಕಿಟಕಿಯ ಪಕ್ಕ ಅಡಗಿಸಿಟ್ಟ ಹಿಂಬಾಗಿಲ ಹಿಡಿಕೆ 1997ರ ಆಲ್ಫಾ ರೋಮಿಯೋ 156ರಿಂದೀಚೆಗೆ ಫ್ಯಾಷನ್, ನಾಲ್ಕು ಬಾಗಿಲ ಕಾರು ಎರಡು ಬಾಗಿಲಿನದಂತೆ ಕಾಣಲಿ ಎಂದು. ಚೆಂದವೇ. ಎತ್ತರದ ಕಾರಿನಲ್ಲಿ ಅದೇ ಹಿಡಿಕೆ ಆರು ವರ್ಷದ ಮಗುವಿನ ಕೈಗೆ ಎಟುಕದು. ನೀವೇ ಪ್ರತಿ ಸಲ ಇಳಿದು ಬಾಗಿಲು ತೆರೆಯಬೇಕು.

ಷೋರೂಮಿಗೆ ಹೋಗುವಾಗ ಜೇಬಿನಲ್ಲಿ ಟೇಪು

ನಾನು ಕಾರು ನೋಡಲು ಹೋಗುವಾಗ ದರ್ಜಿಯ ಟೇಪು ಒಯ್ಯುತ್ತೇನೆ. ಮಾರುವವನ ಮುಖ ನೋಡುವಂತಿರುತ್ತದೆ. ಡಿಕ್ಕಿಯ ಬಾಯಿಯ ಅಗಲ, ಎತ್ತರ, ನೆಲದಿಂದ ಅಂಚಿಗೆ ಎಷ್ಟು, ಅಂಚಿನಿಂದ ಒಳಗೆ ಎಷ್ಟು ಆಳ. ಈ ನಾಲ್ಕು ಅಳತೆ ಬರೆದುಕೊಂಡರೆ ಲೀಟರಿನ ಅಂಕಿಯನ್ನು ಮರೆಯಬಹುದು. ಆಮೇಲೆ ಮುಂದಿನ ಸೀಟನ್ನು ನನಗೆ ಬೇಕಾದಂತೆ ಸರಿಸಿಕೊಂಡು, ಇಳಿದು, ಅದರ ಹಿಂದೆ ಹೋಗಿ ಕೂರುತ್ತೇನೆ. ಮೊಣಕಾಲಿಗೂ ಸೀಟಿನ ಬೆನ್ನಿಗೂ ನಡುವೆ ಮುಷ್ಟಿ ಹಿಡಿಯಬೇಕು. ಪಾದ ಸೀಟಿನ ಅಡಿಗೆ ಹೋಗಬೇಕು. ತೊಡೆ ಸೀಟಿಗೆ ಅಂಟಿರಬೇಕು. ವಿದ್ಯುತ್ ಕಾರುಗಳು ಇಲ್ಲೇ ಸೋಲುವುದು. ಇಳಿಯುವಾಗ ಬೇಕೆಂದೇ ಅವಸರ ಮಾಡುತ್ತೇನೆ, ತಲೆ ತಾಗುತ್ತದೋ ನೋಡಲು.

ಸಾಧ್ಯವಾದರೆ ಮನೆಯ ಅತಿ ತೊಡಕಿನ ಸಾಮಾನನ್ನೇ ಒಯ್ಯಿರಿ: ತಳ್ಳುಗಾಡಿ, ಗಾಲಿಕುರ್ಚಿ, ತಂಬೂರಿ, ಯಾವುದಿದ್ದರೆ ಅದು. ನಾಚಿಕೆ ಬೇಡ. ಕೊನೆಗೆ ಕಾರನ್ನು ಬಿಟ್ಟು ಹತ್ತು ಹೆಜ್ಜೆ ನಡೆದು ತಿರುಗಿ ನೋಡುವುದನ್ನೂ ಮರೆಯಬೇಡಿ. ಇಷ್ಟೆಲ್ಲ ಅಳೆದು ಕೊಂಡ ಕಾರು ನೋಡಿ ಮನಸ್ಸು ಕುಗ್ಗಿದರೆ ಅದೂ ಹತ್ತು ವರ್ಷದ ಸಂಕಟವೇ. ಎರಡು ಕಾರುಗಳ ನಡುವೆ ತೂಗುಯ್ಯಾಲೆಯಾದರೆ ನಾನು ಕೇಳಿಕೊಳ್ಳುವುದು ಒಂದೇ: ಈ ಚೆಂದದ ಗೆರೆ ಸಾಲ ತಂದದ್ದು ಯಾರಿಂದ, ಆ ಮನುಷ್ಯ ನನ್ನ ಕಾರಿನಲ್ಲಿ ವಾರಕ್ಕೆ ಎಷ್ಟು ಸಲ ಕೂರುತ್ತಾನೆ? ಗೆಳೆಯನ ಮನೆಯಲ್ಲಿ ಇರುವುದು ಅವನೊಬ್ಬನೇ. ಹಿಂದಿನ ಸೀಟಿಗೆ ಯಾರಾದರೂ ಹತ್ತುವುದು ತಿಂಗಳಿಗೊಮ್ಮೆ. ಅವನ ಲೆಕ್ಕ ಸರಿಯಾಗಿಯೇ ಇದೆ. ನಾನೇ ಸುಮ್ಮನೆ ಚುಡಾಯಿಸುತ್ತಿದ್ದೆ.

ಆ ಮೇಜನ್ನು ಅವನು ಕಿಟಕಿಯ ಪಕ್ಕ ಹಾಕಿಕೊಂಡಿದ್ದಾನೆ. ಮೊನ್ನೆ ಹೋದಾಗ ಅಲ್ಲಿ ಕೂತು ಏನೋ ಬರೆಯುತ್ತಿದ್ದ. ಕೂತಲ್ಲಿಂದ ನೇರ ಕೆಳಗೆ ಅವನ ಕಾರು ಕಾಣುತ್ತದೆ.